ಮಣ್ಣು ಕೊಡವದೆ ಹೋದ ಜನ

ಅವರ ಕುತ್ತಿಗೆ ಯಾವಾಗಲೂ ಎಡಕ್ಕೆ ತಿರುಗಿಕೊಂಡೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಬಿದ್ದು ಉಳುಕಿದ್ದೂ ಅಲ್ಲ. ಟೆಂಟ್ ಸಿನಿಮಾದ ಪರದೆಯ ಪಕ್ಕ ಜನರಿಗೆ ಎದೆ ಕೊಟ್ಟು ನಿಂತು, ತಲೆಯನ್ನು ಮಾತ್ರ ಪರದೆಯ ಕಡೆ ಮೇಲಕ್ಕೆ ಹೊರಳಿಸಿ ವರ್ಷಗಟ್ಟಲೆ ಕತೆ ಹೇಳಿದ್ದರಿಂದ ನರ ಹಾಗೇ ಕೂತುಬಿಟ್ಟಿತ್ತು. ಮೊದಲ ಸಲ ನನ್ನ ಸೋಡಾ ಅಂಗಡಿಗೆ ಬಂದಾಗ ಪಕ್ಕದ ಅಂಗಡಿಯ ಮೇಲೆ ಕಣ್ಣಿಟ್ಟಿದ್ದಾರೆ ಅಂದುಕೊಂಡು ಅವರು ಕೇಳದೆಯೇ ಬೆಲೆ ಇಳಿಸಿದೆ. ಅವರು ನೋಡುತ್ತಿದ್ದದ್ದು ನನ್ನನ್ನೇ. ನನ್ನ ಜೀವಮಾನದಲ್ಲಿ ನಾನು ಸೋತ ಚೌಕಾಸಿ ಅದೊಂದೇ.

ಬ್ರಿಟಿಷರ ಕಾಲ. ಚಿತ್ರಗಳಿಗೆ ಇನ್ನೂ ಬಾಯಿ ಬಂದಿರಲಿಲ್ಲ. ಹುತ್ತರಿ ಹಬ್ಬ ಕಳೆದ ಮೇಲೆ ಮೂರ್ನಾಡಿನ ಕೊಯ್ದ ಗದ್ದೆಯಲ್ಲಿ ಟೆಂಟು ಏಳುತ್ತಿತ್ತು, ಮಳೆ ಹಿಡಿಯುವ ಮೊದಲು ಗಂಟು ಕಟ್ಟುತ್ತಿತ್ತು. ಪರದೆಯ ಮೇಲೆ ನಡುನಡುವೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಓದಬಲ್ಲವರು ಕುರ್ಚಿಯಲ್ಲಿ ಕೂರುವ ನಾಲ್ಕು ಮಂದಿ. ನೆಲದ ಮೇಲೆ ಕೂರುವವರಲ್ಲಿ ಕೊಡವರು, ಅರೆಭಾಷೆಯವರು, ಮಲೆಯಾಳಿಗಳು, ಕಾಫಿ ತೋಟದ ಆಳುಗಳ ಲೈನುಮನೆಗಳಿಂದ ಬಂದ ತಮಿಳರು. ಅಷ್ಟೂ ಜನಕ್ಕೆ ಒಂದೇ ಉಸಿರಿನಲ್ಲಿ ಕತೆ ತಿಳಿಸುವುದು ಈ ಸೊಟ್ಟ ಕುತ್ತಿಗೆಯವರ ಕೆಲಸ. ಊರು ಅವರನ್ನು ಕತೆ ಮೇಷ್ಟ್ರು ಅನ್ನುತ್ತಿತ್ತು. ಶಾಲೆಯ ಮೇಷ್ಟ್ರಲ್ಲ. ಮೊದಲು ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ದೊರೆಯ ಬೈಗುಳವನ್ನು ಆಳುಗಳ ಭಾಷೆಗೆ ತಿರುಗಿಸಿ ಹೇಳುತ್ತಿದ್ದರು.

"ದೊರೆ ಬೈದಷ್ಟು ನಾನು ಹೇಳ್ತಿರ್ಲಿಲ್ಲ. ಅರ್ಧ ನುಂಗ್ತಿದ್ದೆ," ಅಂತ ಒಮ್ಮೆ ಹೇಳಿದರು. "ದೊರೆಗೆ ಗೊತ್ತಾಯ್ತು, ಕೆಲಸ ಹೋಯ್ತು. ಅಷ್ಟೇ ಮಾರಾಯ."

ನನ್ನ ಅಂಗಡಿ ಟೆಂಟಿನ ಬಾಗಿಲಿಗೆ ಅಂಟಿಕೊಂಡಿತ್ತು. ಆಟ ಮುಗಿದ ಮೇಲೆ ಅಲ್ಲೊಂದು ಪಂಚಾಯಿತಿ ನಡೆಯದೆ ಯಾರೂ ಮನೆ ಮುಟ್ಟುತ್ತಿರಲಿಲ್ಲ. ಯಾವ ಚಿತ್ರ ಎಲ್ಲಕ್ಕಿಂತ ದೊಡ್ಡದು, ಇದೇ ಚರ್ಚೆ. ಪೋಸ್ಟ್ ಮಾಸ್ಟರರು ದೊರೆಗಳ ಕ್ಲಬ್ಬಿನಿಂದ ಹಳೆಯ ಪೇಪರು ತರಿಸಿ ಓದುವವರು. "ಲಂಡನ್ನಿನವರು ಬರೆದಿದ್ದಾರೆ, ಅದಕ್ಕೆ ಸಮ ಇನ್ನೊಂದಿಲ್ಲವಂತೆ," ಅನ್ನುತ್ತಿದ್ದರು. ಟೆಂಟಿನ ಸಾಹುಕಾರರು ಮೈಸೂರು ಸೀಮೆಯವರು. ಅವರದು ಬೇರೆ ತಕ್ಕಡಿ. "ಲಂಡನ್ನಿನವರು ಬಂದು ನನ್ನ ಟೆಂಟಲ್ಲಿ ಕೂರ್ತಾರೇನ್ರೀ? ಯಾವುದಕ್ಕೆ ಜನ ಹಗ್ಗ ಕಿತ್ಕೊಂಡು ನುಗ್ತಾರೋ ಅದೇ ದೊಡ್ಡದು."

ಮೇಷ್ಟ್ರು ಸೋಡಾದ ಗೋಲಿ ಅಲ್ಲಾಡಿಸುತ್ತ ಕೂರುತ್ತಿದ್ದರು. ಕೆಣಕಿದರೆ ಮಾತ್ರ ತಮ್ಮ ಲೆಕ್ಕ ಹೇಳುತ್ತಿದ್ದರು. "ಆಟ ಮುಗಿದ ಮೇಲೆ ಜನ ಏಳುದನ್ನು ನೋಡಿ. ಎದ್ದ ಕೂಡ್ಲೇ ಕುಂಡೆಯ ಮಣ್ಣು ಕೊಡವಿದ್ರೆ ಅದು ಸಾಧಾರಣ ಚಿತ್ರ. ಮಣ್ಣು ಮರೆತು ಹಾಗೇ ಹೋದ್ರೆ, ಅದು ದೊಡ್ಡದು."

"ಹಾಗಾದ್ರೆ ಅಗಸರನ್ನ ಕೇಳಿದ್ರಾಯ್ತು, ಅವರಿಗೇ ಸರಿಯಾಗಿ ಗೊತ್ತಿರುತ್ತೆ," ಅಂದರು ಸಾಹುಕಾರರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಮರುದಿನದಿಂದ ನಾನು ಏಳುವವರ ಹಿಂಭಾಗವನ್ನೇ ನೋಡಲು ಶುರುಮಾಡಿದೆ. ಅವರ ಲೆಕ್ಕ ತಪ್ಪುತ್ತಿರಲಿಲ್ಲ.

ಆಮೇಲೆ ಆ ಹಡಗಿನ ಚಿತ್ರ ಬಂತು. ಪರದೇಶದ್ದು, ಊರೂರು ಅಲೆದು ಸವೆದದ್ದು. ಒಬ್ಬ ತಾಯಿ ಕೂಸನ್ನು ದಡದಲ್ಲಿ ಬಿಟ್ಟು ಹಡಗು ಹತ್ತುತ್ತಾಳೆ. ಅವಳು ಯಾಕೆ ಹೋದಳು ಅನ್ನುವುದು ಇಂಗ್ಲಿಷ್ ಅಕ್ಷರದಲ್ಲಿತ್ತು. ಮೇಷ್ಟ್ರು ಅದನ್ನು ಓದಿ, ನುಂಗಿ, ಬೇರೆಯೇ ಹೇಳಿದರು. ತೋಟಕ್ಕೆ ಆಳು ಹಿಡಿಯುವ ಕಂಗಾಣಿಯೊಬ್ಬ ಮುಂಗಡ ಕೊಟ್ಟು ಅವಳನ್ನು ಕಡಲಾಚೆಯ ತೋಟಕ್ಕೆ ಸಾಗಿಸಿದನೆಂದರು. ನೆಲದ ಮೇಲಿದ್ದ ಲೈನಿನವರು ಒಮ್ಮೆಲೇ ನೆಟ್ಟಗೆ ಕೂತರು.

ಚಿತ್ರದ ಕೊನೆಯ ರೀಲು ಬಂದಿರಲೇ ಇಲ್ಲ. ಎಲ್ಲಿ ಕಳೆದಿತ್ತೋ. ಮೆಶಿನ್ನಿನವನು ದೀಪ ಆರಿಸಲು ಹೋದಾಗ ಮೇಷ್ಟ್ರು ಬೇಡವೆಂದು ಕೈ ಮಾಡಿದರು. ಬರೀ ಬಿಳಿ ಬೆಳಕು ಬಿದ್ದ ಪರದೆಯ ಮುಂದೆ ನಿಂತು ಉಳಿದ ಕತೆಯನ್ನು ಮುಗಿಸಿದರು. ಮುದುಕಿಯಾದ ತಾಯಿ ವಾಪಸು ಬಂದಿದ್ದಾಳೆ. ಬಂದರಿನ ತುಂಬ ಜನ. ಮಗ ಯಾವನೆಂದು ಅವಳಿಗೆ ಗೊತ್ತಿಲ್ಲ. ತೊಟ್ಟಿಲಲ್ಲಿ ಕರೆಯುತ್ತಿದ್ದ ಹೆಸರನ್ನು ಕೂಗುತ್ತಾಳೆ. ಅಷ್ಟು ಜನರಲ್ಲಿ ಒಬ್ಬನೇ ಒಬ್ಬ ತಿರುಗಿ ನೋಡುತ್ತಾನೆ. ಹಾಗೆ ಹೇಳಿ ಅವರು ಆ ಸೊಟ್ಟ ಕುತ್ತಿಗೆಯನ್ನು ಪರದೆಯಿಂದ ಜನರ ಕಡೆಗೆ, ನೋವು ನುಂಗಿಕೊಂಡು, ಮೆಲ್ಲಗೆ ತಿರುಗಿಸಿದರು. ಆ ಮುಖದಲ್ಲಿ ಮಗ ಇದ್ದ. ನಾನೇ ನೋಡಿದ್ದೇನೆ, ಇನ್ನು ಯಾರನ್ನು ಕೇಳಲಿ.

ಆ ದಿನ ಒಬ್ಬರೂ ಮಣ್ಣು ಕೊಡವಲಿಲ್ಲ. ಪಾಲಿಬೆಟ್ಟದಿಂದ ಲೈನಿನವರು ಭಾನುವಾರ ಭಾನುವಾರ ನಡೆದೇ ಬಂದರು. ಅವರಲ್ಲೊಬ್ಬಳು ಮುದುಕಿ ಪ್ರತಿಸಲವೂ ಪರದೆಯ ಬುಡದಲ್ಲೇ ಕೂರುತ್ತಿದ್ದಳು. ಅವಳ ಮಗನನ್ನು ಸಿಲೋನಿನ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಆಮೇಲೆ ಸುದ್ದಿ ಇರಲಿಲ್ಲ. ಚರ್ಚೆಯೂ ಅಲ್ಲಿಗೆ ಮುಗಿಯಿತು. ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ ಹಡಗಿನದು ಎಂದು ಮೂರ್ನಾಡು ತೀರ್ಮಾನ ಮಾಡಿತು. ಪೋಸ್ಟ್ ಮಾಸ್ಟರರೂ ಒಪ್ಪಿದರು.

ಕೆಲವು ವರ್ಷ ಕಳೆದು ಮಾತಾಡುವ ಚಿತ್ರಗಳ ಸುದ್ದಿ ಬಂತು. ಸಾಹುಕಾರರು ಹೊಸ ಮೆಶಿನ್ನಿಗೆ ಓಡಾಡತೊಡಗಿದರು. ಹಳೆಯದನ್ನು ಕಳಚುವ ಮೊದಲು ಹಡಗಿನ ಚಿತ್ರವನ್ನು ಇನ್ನೊಮ್ಮೆ ಆಡಿಸುವುದೆಂದು ಮದರಾಸಿನಿಂದ ಪೂರ್ತಿ ರೀಲುಗಳನ್ನೇ ತರಿಸಿದರು. ನಾನು ಮೇಷ್ಟ್ರನ್ನು ಅಂಗಡಿಯ ಹಿಂದಕ್ಕೆ ಕರೆದು ಹೇಳಿದೆ, "ಈಗಲೇ ಮಾತು ಮುಗಿಸಿಕೊಳ್ಳಿ. ಟಾಕಿ ಬಂದ ಮೇಲೂ ಟೆಂಟಲ್ಲಿ ನಿಮಗೊಂದು ಕೆಲಸ ಉಂಟಾ ಅಂತ ಕೇಳಿ. ಉಂಟು ಅಂದ್ರೆ ಮಾತ್ರ ಕತೆಗೆ ಬಾಯಿ ತೆಗೀರಿ." ನಿಮಗೂ ಇದನ್ನೇ ಹೇಳುತ್ತೇನೆ: ನಿಮ್ಮ ಅಗತ್ಯ ಎದುರಿನವನಿಗೆ ಇರುವಾಗಲೇ ಕೇಳಬೇಕು, ಆಮೇಲೆ ಕೇಳುವುದು ಭಿಕ್ಷೆ.

"ಕತೆಗೆ ಮುಂಚೆ ಚೌಕಾಸಿ ಮಾಡಿದ್ರೆ ನನಗೆ ನಾಲಗೆ ಏಳುದಿಲ್ಲ," ಅಂದರು. ಆದರೂ ಹೋಗಿ ಕೇಳಿದರು, ಆಟದ ಹಿಂದಿನ ದಿನ.

ಸಾಹುಕಾರರು ಅಂಗಡಿಯ ಮುಂದೆ ನಿಂತಿದ್ದ ಜನವನ್ನೇ ಕೇಳಿದರು, "ಏನ್ರಪ್ಪ, ಹಡಗಿನ ಚಿತ್ರಕ್ಕೆ ಕತೆ ಹೇಳೋರು ಬೇಕಾ?"

"ಬೇಡ ಬೇಡ, ನಮಗೆ ಬಾಯಿಪಾಠ ಆಗಿಟ್ಟುಂಟು," ಅಂದ ಒಬ್ಬ. ಇನ್ನೊಬ್ಬ, "ಚಿತ್ರ ಚೆಂದ ಇರುವಾಗ ಇವರ ಮಾತೆಂತಕ್ಕೆ? ಅಡ್ಡ ನಿಂತು ಅರ್ಧ ಪರದೆ ಮುಚ್ತಾರೆ," ಅಂದ. ಮೂರ್ನಾಡಿನ ಜನ ಮಾಡಿದ ತಪ್ಪು ಇದು. ದೊಡ್ಡತನವೆಲ್ಲ ರೀಲಿನ ಡಬ್ಬಿಯಲ್ಲಿದೆ ಅಂದುಕೊಂಡರು. ಸಾಹುಕಾರರು ಮೇಷ್ಟ್ರ ಜಾಗಕ್ಕೆ ಬಾಡಿಗೆಗೆ ಒಂದು ಗ್ರಾಮಫೋನು ತಂದರು.

ಮರುದಿನ ಸಂಜೆ ಮೇಷ್ಟ್ರು ಟಿಕೆಟು ತೆಗೆದುಕೊಂಡು ನೆಲದ ಮೇಲೆ ಜನರ ನಡುವೆ ಕೂತರು. ಪರದೆಯನ್ನು ನೇರ ನೋಡಲು ಕುತ್ತಿಗೆ ಬಿಡದೆ, ಇಡೀ ಮೈಯನ್ನೇ ಓರೆ ಮಾಡಿಕೊಂಡಿದ್ದರು. ಮುದುಕಿ ಎಂದಿನಂತೆ ಮುಂದೆ ಇದ್ದಳು. ಮೊದಲು ನೋಡಿದ್ದ ರೀಲುಗಳು ಮುಗಿಯುವವರೆಗೂ ಜನ ತಾವೇ ಕತೆ ಹೇಳಿಕೊಂಡರು. ಕೊನೆಯ ರೀಲು ಶುರುವಾಯಿತು. ಬಂದರೂ ಇಲ್ಲ, ತೊಟ್ಟಿಲ ಹೆಸರೂ ಇಲ್ಲ. ತಾಯಿ ದೊಡ್ಡ ಮನೆಯ ಹೆಂಗಸಾಗಿದ್ದಾಳೆ. ಸಾರೋಟಿನಲ್ಲಿ ಹೋಗುತ್ತ ದಾರಿಬದಿಯಲ್ಲಿ ನಿಂತ ಮಗನನ್ನು ನೋಡುತ್ತಾಳೆ. ಗುರುತು ಹಿಡಿಯುತ್ತಾಳೆ. ಸಾರೋಟಿನ ಪರದೆ ಎಳೆದುಕೊಳ್ಳುತ್ತಾಳೆ. ಅಷ್ಟೇ ಚಿತ್ರ.

"ರೀಲು ಬದಲಾಯಿಸಿದ್ದಾರೆ," ಎಂದು ಹಿಂದಿನಿಂದ ಗಲಾಟೆ ಎದ್ದಿತು. ಸಾಹುಕಾರರು ಬೆವರುತ್ತ ಬಂದು ಮೇಷ್ಟ್ರ ಕಡೆ ಕೈ ತೋರಿಸಿದರು. "ನನ್ನನ್ನ ಯಾಕ್ರೀ ಬೈತೀರಾ? ರೀಲು ಸರಿಯಾಗೇ ಇದೆ. ಇಷ್ಟು ವರ್ಷ ನಿಮಗೆ ಸುಳ್ಳು ಹೇಳಿದ್ದು ಇವರು."

ಮುದುಕಿ ಎದ್ದು ಬಂದು ಮೇಷ್ಟ್ರ ಎದುರು ನಿಂತಳು. "ಸಾಮಿ, ನೀ ಸೊಲ್ಲು. ಆ ಪಯ್ಯ ತಿರುಗಿ ನೋಡಿದ್ದು ನಿಜ ತಾನೆ?"

ಅವರ ಜಾಗದಲ್ಲಿ ನಾನಿದ್ದಿದ್ದರೆ, ಹೌದಮ್ಮ, ಇದು ಬೇರೆ ರೀಲು ಅನ್ನುತ್ತಿದ್ದೆ. ಯಾವ ವ್ಯಾಪಾರಿಯಾದರೂ ಹಾಗೇ ಅನ್ನುತ್ತಿದ್ದ. ದೊರೆಯ ಬೈಗುಳವನ್ನು ನುಂಗಿದವರು, ಇಂಗ್ಲಿಷ್ ಅಕ್ಷರವನ್ನು ನುಂಗಿದವರು, ಆ ಒಂದು ಗಳಿಗೆಯಲ್ಲಿ ನುಂಗಲಿಲ್ಲ.

"ಇಲ್ಲಮ್ಮ," ಅಂದರು. "ಅದು ನಾನು ಕಟ್ಟಿದ್ದು."

"ಹಂಗಂದ್ರೆ ನಾ ಅತ್ತಿದ್ದು ಯಾರಿಗೆ ಸಾಮಿ?" ಅಂದಳು ಅವಳು.

ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳಲಿಲ್ಲ, ಸೀರೆಯ ಮಣ್ಣನ್ನು ಕೊಡವಿಕೊಂಡು ಹೊರಟಳು. ಅವಳ ಹಿಂದೆ ಉಳಿದವರು. ಲೈನಿನವರು ಮತ್ತೆ ಆ ಟೆಂಟಿಗೆ ಬರಲಿಲ್ಲ.

ಟಾಕಿ ಬಂತು. ಮೇಷ್ಟ್ರಿಗೆ ಟಿಕೆಟು ಹರಿಯುವ ಕೆಲಸವೂ ಸಿಗಲಿಲ್ಲ. ಗಾಳಿಬೀಡಿನಲ್ಲಿ ತಂಗಿಯ ಮನೆ ಸೇರಿ ಕಾಫಿ ಒಣಗಿಸುವ ಕಣ ಕಾಯುತ್ತ ದಿನ ತಳ್ಳಿದರು. ನಾನು ಅಷ್ಟು ಹೊತ್ತಿಗೆ ಕಿತ್ತಳೆ ವ್ಯಾಪಾರಕ್ಕಿಳಿದಿದ್ದೆ. ಗಿರಾಕಿಗೆ ಹಣ್ಣು ತೋರಿಸುವ ಮೊದಲು ಮರದ ಕತೆ ಹೇಳುವುದನ್ನು ಅವರಿಂದ ಕಲಿತವನು ನಾನು. ಇವತ್ತಿನ ನನ್ನ ಮನೆ, ಲಾರಿ ಎಲ್ಲ ಆ ನಾಲಗೆಯ ಎಂಜಲು. ಇದನ್ನು ಒಮ್ಮೆ ಅವರಿಗೇ ಹೇಳಿದೆ. "ನಿನಗಾದರೂ ಹಣ್ಣು ಉಂಟು ಬುಟ್ಟಿಯಲ್ಲಿ," ಅಂದರು.

ಈಗಿನ ಪೇಪರುಗಳಲ್ಲಿ ಲೋಕದ ದೊಡ್ಡ ಚಿತ್ರಗಳು ಯಾವುವೆಂದು ಪಟ್ಟಿ ಹಾಕುತ್ತಾರೆ. ಒಬ್ಬನಿಗೆ ಗಲ್ಲಾಪೆಟ್ಟಿಗೆ ಅಳತೆ, ಒಬ್ಬನಿಗೆ ಪಂಡಿತರ ಅಭಿಪ್ರಾಯ. ಮೂರ್ನಾಡಿನ ಮುದುಕರು ಇಂದಿಗೂ ಹಡಗಿನ ಚಿತ್ರ ಅನ್ನುತ್ತಾರೆ. ಮೊಮ್ಮಕ್ಕಳಿಗೆ ಕತೆಯನ್ನೂ ಹೇಳುತ್ತಾರೆ, ಬಂದರು, ತೊಟ್ಟಿಲ ಹೆಸರು, ತಿರುಗಿ ನೋಡಿದ ಮಗ. ಸಾರೋಟಿನ ಮಾತು ಯಾರೂ ಎತ್ತುವುದಿಲ್ಲ. ಮೇಷ್ಟ್ರ ಮಾತನ್ನೂ ಎತ್ತುವುದಿಲ್ಲ.

ಅವರು ತೀರಿಕೊಂಡಾಗ ಮೂರ್ನಾಡಿನಿಂದ ಹೋದದ್ದು ನಾನು, ಪೋಸ್ಟ್ ಮಾಸ್ಟರರು, ಇನ್ನು ಕೆಲವರು. ಚಟ್ಟದ ಮೇಲೆ ನೇರ ಮಲಗಿಸಲು ನೋಡಿದರು, ತಲೆ ಎಡಕ್ಕೇ ಹೊರಳಿತು. ಬೆಂಕಿ ಹಿಡಿಯುವವರೆಗೆ ಎಲ್ಲರೂ ಗುಡ್ಡದ ನೆಲದ ಮೇಲೆ ಕೂತಿದ್ದೆವು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ನಾನು ಹಳೆಯ ಅಭ್ಯಾಸದಂತೆ ನೋಡುತ್ತಿದ್ದೆ. ಎಲ್ಲರೂ ಪಂಚೆಯ ಮಣ್ಣನ್ನು ಚೆನ್ನಾಗಿ ಕೊಡವಿಕೊಂಡು, ಮಳೆ ಬರುವಂತಿದೆ ಎಂದು ಮಾತಾಡುತ್ತ ಗುಡ್ಡ ಇಳಿದರು.