ಆ ಅಕ್ಟೋಬರ್‌ನಲ್ಲಿ ಮಕತೂ ಅತ್ತೆಯ ಎಲುಬು ತೊಳೆದದ್ದು

ಗೆನ್ಕಾ ಮನೆ ಮಕತೂ ಬಾಯಿ ತೆಗೆದರೆ ಬೆಂಕಿ ಅಂತ ಊರೆಲ್ಲ ಆಡಿಕೊಳ್ಳುತ್ತೆ. ಆಡಿಕೊಳ್ಳಲಿ. ಅವಳ ಪಕ್ಕದ ಮನೆಯಲ್ಲಿ ಮೂವತ್ತು ವರ್ಷ ಬಾಳಿದವಳು ನಾನು, ನನ್ನ ಬಾಯಲ್ಲಿ ಆ ಮಾತು ಬರಲ್ಲ. ಅವಳ ಸಿಟ್ಟಿನಲ್ಲಿ ನನಗೂ ಒಂದು ಪಾಲಿದೆ. ಅದನ್ನೂ ಹೇಳಿಯೇ ಬಿಡುತ್ತೇನೆ.

ಮಕತೂ ಈ ಊರಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಇದ್ದದ್ದು ಅತ್ತೆ ನಾಬೆ ಒಬ್ಬಳೇ. ಮಾವ ಪೆರು ದೇಶದ ಕಬ್ಬಿನ ತೋಟದಲ್ಲಿ ದುಡಿದು, ಗುಡ್ಡದ ಮೇಲೆ ಆಮೆ ಬೆನ್ನಿನಂಥ, ಒಳಗೆ ಕೋಣೆಯಷ್ಟು ಜಾಗವಿರುವ ಒಂದು ಗೋರಿ ಕಟ್ಟಿಸಲು ದುಡ್ಡು ಕಳಿಸಿದ. ಗೋರಿ ಎದ್ದಿತು, ಆದರೆ ಅವನು ಅಲ್ಲೇ ಎಲ್ಲೋ ಮಣ್ಣಾದ. ಅತ್ತೆ ಸೊಸೆಗೆ ಆಗಿಬರಲ್ಲ ಅಂತಾರಲ್ಲ, ಇವರಿಬ್ಬರು ಒಂದೇ ಗೆಣಸನ್ನು ಮುರಿದು ತಿಂದವರು. ಮಗಳು ಫುಮಿ ಹುಟ್ಟಿದಾಗ ಬಾಣಂತನವೆಲ್ಲ ನಾಬೆಯದೇ.

ಜಪಾನಿನ ತುದಿಯಲ್ಲಿರುವ ನಮ್ಮ ದ್ವೀಪಕ್ಕೆ ಯುದ್ಧ ಬಂತು. ಮಕತೂ ಗಂಡನನ್ನು ಸೈನ್ಯದವರು ಗುಂಡಿ ತೋಡಲು ಅಂತ ಕರೆದುಕೊಂಡು ಹೋದರು, ಅವನ ಒಂದು ಕೂದಲೂ ವಾಪಸು ಬರಲಿಲ್ಲ. ಸಮುದ್ರದಿಂದ ಅಮೆರಿಕದವರ ಗುಂಡಿನ ಮಳೆ ಶುರುವಾದಾಗ ಎಲ್ಲರ ಹಾಗೆ ಇವರೂ ತಮ್ಮ ಗೋರಿಯೊಳಗೆ ಹೊಕ್ಕು ಕೂತರು. ಅಲ್ಲೇ ಜ್ವರ ಬಂದು ನಾಬೆ ಸತ್ತಳು. ಸಾಯುವಾಗ ಸೊಸೆ ಕೈ ಹಿಡಿದು, "ನನ್ನ ಎಲುಬು ನೀನೇ ತೊಳೀಬೇಕು ಕಣೆ, ಬೇರೆಯವರ ಕೈ ಬೇಡ" ಅಂದಳಂತೆ. ಮಕತೂ ಆಗಲಿ ಅಂದಳು. ಹೆಣವನ್ನು ಚಾಪೆಯಲ್ಲಿ ಸುತ್ತಿ ಮೂಲೆಗೆ ಮಲಗಿಸಿ, ಪಕ್ಕದಲ್ಲೇ ಮೂರು ದಿನ ಮಗುವನ್ನು ತಬ್ಬಿ ಕೂತಿದ್ದಳು.

ಮೂರನೇ ದಿನ ಬಂದರಲ್ಲ, ನಮ್ಮನ್ನು ಕಾಯೋಕೆ ಬಂದ ಜಪಾನಿನ ಶೂರರು! ಮೂವರು ಸಿಪಾಯಿಗಳು. "ಇದು ಸೈನ್ಯಕ್ಕೆ ಬೇಕು, ಎದ್ದು ಹೋಗು" ಅಂತ ಕೋವಿಯ ಹಿಡಿಯಿಂದ ತಿವಿದು, ತಾಯಿ ಮಗುವನ್ನು ಗುಂಡಿನ ಮಳೆಗೆ ದೂಡಿದರು. ದಕ್ಷಿಣಕ್ಕೆ ಓಡುವ ದಾರಿಯಲ್ಲಿ ಫುಮಿ ಸತ್ತಳು. ನಾಲ್ಕು ವರ್ಷದ ಕೂಸು. ಎಲ್ಲಿ ಹೂತಳು ಅಂತ ಮಕತೂಗೇ ಗೊತ್ತಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನೋದು ಬರೀ ಗಾದೆ ಅಂದುಕೊಂಡಿದ್ದೆ.

ಯುದ್ಧ ಮುಗಿದ ಮೇಲೆ ನಮ್ಮನ್ನೆಲ್ಲ ಕೂಡಿಹಾಕಿದ್ದ ಶಿಬಿರದಿಂದ ನಾವು ಊರಿಗೆ ಮರಳಿದಾಗ ಅರ್ಧ ಊರು ಅಮೆರಿಕದವರ ಬೇಲಿಯೊಳಗಿತ್ತು. ಗೋರಿ ಇದ್ದ ಗುಡ್ಡ ಮಾತ್ರ ಹೊರಗೆ ಉಳಿದಿತ್ತು. ಗೋರಿಯ ಬಾಯಿ ಕಲ್ಲು ಕುಸಿದು ಮುಚ್ಚಿಹೋಗಿತ್ತು. ತೊಳೆಯುವ ದಿನವಲ್ಲದೆ ನಾವು ಗೋರಿ ತೆರೆಯುವವರಲ್ಲ, ಹಾಗಾಗಿ ಮಕತೂ ಹೊರಗೇ ನಿಂತು ಕೈ ಮುಗಿದು ಬಂದಳು. ಮಾಂಸ ಕರಗಿದ ಮೇಲೆ ಮನೆಯ ಹೆಂಗಸರು ಎಲುಬನ್ನು ತೊಳೆದು ಭರಣಿಗೆ ತುಂಬಬೇಕು. ಅಲ್ಲಿಯವರೆಗೆ ಸತ್ತವರು ಬಾಗಿಲಲ್ಲೇ ಬಿದ್ದಿರುತ್ತಾರೆ, ಹಿರಿಯರ ಸಾಲಿಗೆ ಸೇರಲ್ಲ. ಗೆನ್ಕಾ ಮನೆಯಲ್ಲಿ ಆ ಕೆಲಸಕ್ಕೆ ಉಳಿದಿದ್ದವಳು ಮಕತೂ ಒಬ್ಬಳೇ.

ಸಾವಿರದ ಒಂಬೈನೂರ ನಲವತ್ತೊಂಬತ್ತು. ಏಳನೇ ತಿಂಗಳ ಏಳನೇ ದಿನ, ಮುಹೂರ್ತ ಕೇಳದೆ ಗೋರಿ ತೆರೆಯಬಹುದಾದ ದಿನ. ಅದರ ಹಿಂದಿನ ದಿನ ಮಕತೂ ಸಾರಾಯಿ, ಹೊಸ ಬಟ್ಟೆ ಎಲ್ಲ ಹೊಂದಿಸಿಕೊಂಡು ನನ್ನ ಬಾಗಿಲಿಗೆ ಬಂದಳು.

"ಅಕ್ಕಾ, ನಾಳೆ ಬಾ. ಅತ್ತೇನ ಎಬ್ಬಿಸೋಣ."

ನಾನು ಏನಂದೆ ಗೊತ್ತಾ? "ತಲೆ ನೆಟ್ಟಗಿದೆಯೇನೆ? ಇದು ಎತ್ತಿನ ವರ್ಷ. ನೀನು ಹುಟ್ಟಿದ್ದೂ ಎತ್ತಿನ ವರ್ಷ. ತನ್ನ ವರ್ಷದಲ್ಲಿ ಗೋರಿ ಮುಟ್ಟಿದವಳು ಅದೇ ಗೋರಿಗೆ ಹೋಗ್ತಾಳೆ. ನಾಲ್ಕು ವರ್ಷ ಕಾದೋಳು ಇನ್ನೊಂದು ವರ್ಷ ಕಾಯಲ್ವಾ? ಎಲುಬೇನು ಎದ್ದು ಓಡಿಹೋಗುತ್ತಾ?"

ನಮ್ಮಲ್ಲಿ ವರ್ಷಕ್ಕೊಂದು ಪ್ರಾಣಿಯ ಹೆಸರು, ಹನ್ನೆರಡು ವರ್ಷಕ್ಕೊಮ್ಮೆ ಅದೇ ಮರಳಿ ಬರುತ್ತೆ. ನಮ್ಮ ಕಡೆಯ ಹೆಂಗಸರು ಯಾರಾದರೂ ಅದನ್ನೇ ಹೇಳುತ್ತಿದ್ದರು. ಆದರೆ ಹೇಳಿದವಳು ನಾನು. ಮಕತೂ ಗೊಣಗುತ್ತಾ ಸಾರಾಯಿ ಬಾಟ್ಲಿ ಎತ್ತಿಕೊಂಡು ವಾಪಸು ಹೋದಳು.

ಅಕ್ಟೋಬರ್ ಬಂತು. ಪಡಿತರದ ಸಾಲಿನಲ್ಲಿ ನಿಂತ ನಮಗೆಲ್ಲ ಶಾಲೆಯ ಇರೇಯಿ ಮೇಷ್ಟ್ರು ಪತ್ರಿಕೆ ಓದಿ ಹೇಳುತ್ತಿದ್ದರು. ಚೀನಾದಲ್ಲಿ ಕೆಂಪು ಸೇನೆ ಗೆದ್ದು ಪೀಕಿಂಗ್‌ನಲ್ಲಿ ಹೊಸ ಸರ್ಕಾರ ಬಂತು. ಜರ್ಮನಿ ಎರಡು ಹೋಳಾಗಿ ಎರಡನೇ ಹೋಳಿಗೂ ಸರ್ಕಾರ ಆಯಿತು. ರಷ್ಯಾದವರ ಹತ್ತಿರವೂ ಈಗ ಅಣುಬಾಂಬ್ ಇದೆ. ಗ್ರೀಸ್ ಅನ್ನೋ ದೇಶದಲ್ಲಿ ಅಣ್ಣತಮ್ಮಂದಿರ ಯುದ್ಧ ನಿಂತಿತು.

"ನಿಂತಿದ್ದು ಅದೊಂದೇನಾ ಮೇಷ್ಟ್ರೇ?" ಅಂದಳು ಮಕತೂ. "ಅದಿರ್ಲಿ, ಅಕ್ಕಿ ಯಾವಾಗ ಬರುತ್ತೆ ಅಂತ ಬರೆದಿಲ್ವಾ?"

ಮೇಷ್ಟ್ರು ನಗಲಿಲ್ಲ. "ಚೀನಾ ಕೆಂಪಾಯ್ತು ಅಂತ ಅಮೆರಿಕದವ್ರಿಗೆ ಭಯ ಹಿಡಿದಿದೆ ಕಣಮ್ಮಾ. ಇನ್ನು ಈ ದ್ವೀಪ ಬಿಟ್ಟು ಅವರು ಹೋಗಲ್ಲ. ವಿಮಾನ ಇಳಿಯೋ ಹಾದಿ ಉದ್ದ ಮಾಡ್ತಾರಂತೆ."

"ಎಷ್ಟು ಉದ್ದ?"

"ಗುಡ್ಡದವರೆಗೂ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪೀಕಿಂಗ್ ಎಲ್ಲಿ, ನಾಬೆ ಮುದುಕಿ ಎಲ್ಲಿ? ಮಕತೂ ಸಾಲಿನಲ್ಲೇ ನಿಂತು ಕೂಗಾಡಿದಳು. "ಅಲ್ಲಿ ಯಾರೋ ಗೆದ್ರೆ ಇಲ್ಲಿ ನಮ್ಮತ್ತೆ ಯಾಕ್ರೀ ಜಾಗ ಖಾಲಿ ಮಾಡ್ಬೇಕು? ಅವಳೇನು ಚೀನಾದವರಿಗೆ ಕಾಗದ ಬರೆದಿದ್ಲಾ?" ಮೇಷ್ಟ್ರು ಪತ್ರಿಕೆ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡರು.

ವಾರದಲ್ಲಿ ಗುಡ್ಡದ ಮೇಲೆ ಕೆಂಪು ಬಟ್ಟೆ ಕಟ್ಟಿದ ಗೂಟಗಳು ಎದ್ದವು. ತಿಂಗಳ ಕೊನೆಯೊಳಗೆ ಗೋರಿ ಖಾಲಿ ಮಾಡಿ ಅಂತ ನೋಟೀಸು ಬಂತು. ಎತ್ತಿನ ವರ್ಷ ಹಾಳಾಗಿ ಹೋಗಲಿ, ನಾನು ತೆಗೆದೇ ತೆಗೀತೀನಿ ಅಂದಳು ಮಕತೂ. ಈ ಸಲ ನಾನು ತುಟಿ ಬಿಚ್ಚಲಿಲ್ಲ. ಕುಂಬಾರನಿಗೆ ಭರಣಿ ಹೇಳಿದಳು. ಅವನು ಮೂವತ್ತಕ್ಕೆ ಕೊಡುತ್ತೇನೆ ಅಂದ.

ಇಪ್ಪತ್ತೇಳನೇ ತಾರೀಕು ಬೆಳಿಗ್ಗೆಯೇ ಬುಲ್ಡೋಜರ್ ಗುಡ್ಡ ಹತ್ತಿತು.

ಗೆಣಸಿನ ಹೊಲದಿಂದ ನಾವಿಬ್ಬರೂ ಓಡಿದೆವು. ನಾನು ಮನೆಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡೆ. ನೀರಿನ ಬಿಂದಿಗೆ, ಸಾರಾಯಿ, ಅಮೆರಿಕದವರೇ ಹಂಚಿದ್ದ ಹಾಲಿನ ಪುಡಿಯ ಒಂದು ದೊಡ್ಡ ಡಬ್ಬ. ನಾನು ಹೋಗುವಷ್ಟರಲ್ಲಿ ಮಕತೂ ಯಂತ್ರದ ಮುಂದೆ ಕುಡುಗೋಲು ಹಿಡಿದು ನಿಂತಿದ್ದಳು. ಚಾಲಕ ಏನೇನೋ ಅರಚುತ್ತಿದ್ದ. ದುಭಾಷಿ ಓಡಿ ಬಂದ. ಟೋಮಾ ಅಂತ, ಹವಾಯಿಯಲ್ಲಿ ಹುಟ್ಟಿದ ನಮ್ಮವನೇ. ಅವನ ಬಾಯಲ್ಲಿ ನಮ್ಮ ಅಜ್ಜಿಯರ ಕಾಲದ ಮಾತು.

"ಅಕ್ಕಾ, ದಯವಿಟ್ಟು ಪಕ್ಕಕ್ಕೆ ಬಾರವ್ವಾ."

"ನಿಮ್ಮಪ್ಪನ ಗುಡ್ಡವೇನೋ ಇದು? ನೋಟೀಸಲ್ಲಿ ತಿಂಗಳ ಕೊನೆ ಅಂತಿದೆ!"

"ಮೇಲಿನಿಂದ ಹುಕುಂ ಬದಲಾಯ್ತು..."

"ಮೇಲಿನವರ ಮನೆ ಹಾಳಾಗ! ಒಳಗೆ ನಮ್ಮತ್ತೆ ಇದ್ದಾಳೆ. ತೊಳೀದೆ ಬಿಡಲ್ಲ. ಬೇಕಾದ್ರೆ ನನ್ನನ್ನೂ ಸೇರಿಸಿ ಮಣ್ಣು ತಳ್ಳು."

ಟೋಮಾನ ಮುಖ ಸಪ್ಪಗಾಯಿತು. ಅವನಿಗೂ ಅಜ್ಜಿ ಹೇಳಿಕೊಟ್ಟಿದ್ದಳೇನೋ. ಸಾರ್ಜೆಂಟನ ಹತ್ತಿರ ಹೋಗಿ ಕೈಬಾಯಿ ಆಡಿಸಿ ಬಂದು, ಒಂದು ಗಂಟೆ ಅಂದ. ಒಂದೇ ಗಂಟೆ.

ಕಲ್ಲು ಸರಿಸಿದೆವು. ಎಲುಬಿಗೆ ಬಿಸಿಲು ತಾಗಬಾರದು. ಮಕತೂ ಟೋಮಾನ ಮಳೆಯಂಗಿ ಕಿತ್ತುಕೊಂಡು ಅವನ ಕೈಗೇ ವಾಪಸು ತುರುಕಿದಳು. "ಎತ್ತಿ ಹಿಡ್ಕೋ. ಕೈ ನೋಯ್ತು ಅಂತ ಇಳಿಸಿದ್ರೆ ನೋಡು." ಮಿಲಿಟರಿ ಬಟ್ಟೆಯ ಗಂಡಸು ಪಿಟಕ್ಕೆನ್ನದೆ ಹಿಡಿದು ನಿಂತ. ಅವಳು ಒಳಗೆ ತೆವಳಿದಳು.

ಒಳಗೆ ಕಲ್ಲು ಸರಿಸುವ ಸದ್ದು ಕೇಳಿತು. ಆಮೇಲೆ ಒಂದು ಕಬ್ಬಿಣದ ಟೋಪಿ ಹೊರಗೆ ಉರುಳಿ ಬಂತು. ಹಿಂದೆಯೇ ಒಂದು ಸಿಪಾಯಿ ಬೂಟು.

ಆ ಮೂವರಲ್ಲಿ ಒಬ್ಬ ಒಳಗೇ ಸತ್ತಿದ್ದ. ಗುಂಡು ಬಿದ್ದು ಚಾವಣಿಯ ಕಲ್ಲು ಅವನು, ನಾಬೆ ಇಬ್ಬರ ಮೇಲೂ ಕುಸಿದಿತ್ತು. ತಲೆಬುರುಡೆಗಳು ಚೂರುಚೂರು. ಚಾಪೆ ಇಲ್ಲ, ಮೂಲೆ ಇಲ್ಲ, ಎಲ್ಲ ಕಲಸಿಹೋಗಿತ್ತು. ಮಕತೂ ಒಂದೊಂದೇ ಎಲುಬು ಹಿಡಿದು ತಿರುಗಿಸಿ ನೋಡಿದಳು. "ಇದು ಅತ್ತೇದು. ಇಲ್ಲ... ಅಕ್ಕಾ, ಇದು ಯಾರದ್ದು?" ನನಗೇನು ಗೊತ್ತು? ನಾಲ್ಕು ದಿನ ಕೂತರೆ ದಪ್ಪ ಸಣ್ಣ ನೋಡಿ ಬೇರೆ ಮಾಡಬಹುದಿತ್ತೇನೋ. ಏಳನೇ ತಿಂಗಳಲ್ಲಿ ನಮಗೆ ನಾಲ್ಕು ದಿನ ಏನು, ನಲವತ್ತು ದಿನ ಇತ್ತು. ಅವಳೂ ಅದನ್ನೇ ನೆನೆದಳು. ನನ್ನ ಮುಖ ನೋಡಿದಳು, ಮತ್ತೆ ಎಲುಬಿನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅರ್ಧ ಗಂಟೆ ಆಯ್ತವ್ವಾ" ಅಂದ ಟೋಮಾ.

"ಇವನನ್ನ ನಾನು ತೊಳೀಬೇಕಾ?" ಮಕತೂ ಕಿರುಚಿದಳು. "ನನ್ನ ಮಗೂನ ಸಾಯೋಕೆ ದೂಡಿದವನನ್ನ? ಈ ಕೈಯಲ್ಲಿ?"

ನಾನು ಹೇಳಿದೆ, "ಬಿಟ್ರೆ ಅತ್ತೇನೂ ಬಿಟ್ಟಂಗೆ ಕಣೆ."

ಅವಳು ತೊಳೆದಳು. ನಾನು ನೀರು ಹಾಕಿದೆ, ಅವಳು ಉಜ್ಜಿದಳು, ಸಾರಾಯಿಯಲ್ಲಿ ಒರೆಸಿದಳು. ಪ್ರತಿಯೊಂದು ಎಲುಬಿಗೂ ಒಂದು ಬೈಗುಳ. ಬೈದ ಮೇಲೆ, "ಅತ್ತೇ, ನಿಮ್ಮದಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ" ಅನ್ನುತ್ತಿದ್ದಳು. ಇಬ್ಬರನ್ನೂ ಕಾಲಿನ ಕಡೆಯಿಂದ ಶುರುಮಾಡಿ, ಕೊನೆಗೆ ಬುರುಡೆಯ ಚೂರುಗಳವರೆಗೆ, ಆ ಹಾಲಿನ ಪುಡಿಯ ಡಬ್ಬಕ್ಕೆ ತುಂಬಿದೆವು. ನಾವು ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಗೋರಿ ಇದ್ದ ಜಾಗ ಮಟ್ಟಸವಾಗಿತ್ತು.

ತಿಂಗಳ ಕೊನೆಯಲ್ಲಿ ಮೇಷ್ಟ್ರು ಮತ್ತೆ ಓದಿದರು. ಚೀನಾದ ಕಡಲಲ್ಲಿ ಯಾವುದೋ ಪುಟ್ಟ ದ್ವೀಪದಲ್ಲಿ ಘೋರ ಕಾಳಗವಂತೆ. ಮಕತೂ ಸಾಲಿನಲ್ಲಿರಲಿಲ್ಲ. ಕುಂಬಾರನ ಹತ್ತಿರ ಭರಣಿ ತರಲು ಹೋಗಿದ್ದಳು. ಒಂದೇ ಭರಣಿ. ಇಬ್ಬರ ಎಲುಬನ್ನೂ ಅದಕ್ಕೇ ತುಂಬಿ ನಮ್ಮ ಮನೆತನದ ಗೋರಿಯಲ್ಲಿ ಇಟ್ಟೆ. ಬೇರೆ ವಂಶದ ಎಲುಬು ಕೂಡದು ಅಂತ ಮೈದುನಂದಿರು ಕುಣಿದಾಡಿದರು. ಕುಣೀರಿ ಅಂದೆ. ನಾನು ಮಾಡಿದ ತಪ್ಪಿಗೆ ಅಷ್ಟಾದರೂ ಮಾಡಬೇಡವಾ?

ಪ್ರತಿ ವಸಂತದಲ್ಲಿ ನಾವಿಬ್ಬರೂ ಬುತ್ತಿ ಹೊತ್ತು ಅಲ್ಲಿಗೆ ಹೋಗುತ್ತೇವೆ. ಮಕತೂ ಭರಣಿಯ ಮುಂದೆ ಮಂಡಿಯೂರಿ ಹಂದಿಮಾಂಸ, ಮೀನು, ಅಕ್ಕಿ ಕಡುಬು ಬಡಿಸುತ್ತಾಳೆ. "ಅತ್ತೇ, ಬಿಸಿ ಇದೆ, ತಿನ್ನಿ" ಅನ್ನುತ್ತಾಳೆ. ಆಮೇಲೆ ಹಲ್ಲು ಕಚ್ಚಿಕೊಂಡು ಇನ್ನೊಂದು ಪಾಲನ್ನು ಪಕ್ಕಕ್ಕೆ ನೂಕುತ್ತಾಳೆ.

"ನೀನೂ ತಿನ್ನೋ, ಪಾಪಿ. ನನ್ನ ಫುಮಿಗೆ ಬಡಿಸೋಣ ಅಂದ್ರೆ ಅವಳು ಎಲ್ಲಿದ್ದಾಳೆ ಅಂತ ಗೊತ್ತಿಲ್ಲ. ನೀನೇ ತಿನ್ನು."