ಏಜೆಂಟನಿಗೆ ನಾನು ಬರೆದ ಸಂದೇಶಗಳು

ಚನ್ನಗಿರಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಾನು ಐದು ವರ್ಷ ಟೈಪಿಂಗ್ ಮಾಡಿದೆ. ಕೆರೆಬಿಳಚಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಮರಳುತ್ತಿದ್ದೆ. ಪಾಸ್‌ಪೋರ್ಟ್ ಅರ್ಜಿ ತುಂಬುವುದೂ ನನ್ನ ಕೆಲಸವೇ. ಹಾಗೆ ಪರಿಚಯವಾದವನು ಜನರನ್ನು ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಆ ಏಜೆಂಟ್. ನ್ಯಾಮತಿಯವನು, ಹೊನ್ನಾಳಿಯಲ್ಲಿ ಕಚೇರಿ ಇಟ್ಟಿದ್ದ. ಬಂದಾಗಲೆಲ್ಲ ಅಮ್ಮನ ಮಂಡಿನೋವು ವಿಚಾರಿಸುತ್ತಿದ್ದ.

“ಬ್ಯಾಂಕಾಕಿನಾಗೆ ಕಂಪ್ಯೂಟರ್ ಕೆಲಸ ಐತೆ. ನೀನ್ಯಾಕೆ ಇಲ್ಲೇ ಕೂತು ಸವೀತೀಯ?” ಎಂದ ಒಂದು ದಿನ. ಮನೆಗೂ ಬಂದು ಅಮ್ಮನಿಗೆ, “ನನ್ನ ತಂಗಿ ಇದ್ದಂಗೆ, ನಂಬಿ ಕಳಿಸ್ರಿ” ಎಂದ.

ಬ್ಯಾಂಕಾಕಿನಲ್ಲಿ ಇಳಿದ ನನ್ನನ್ನೂ ಇನ್ನಿಬ್ಬರನ್ನೂ ಹತ್ತಿಸಿಕೊಂಡ ಕಾರು ಊರೊಳಗೆ ಹೋಗಲೇ ಇಲ್ಲ. ದಿನವಿಡೀ ಓಡಿ ಒಂದು ನದಿಯ ದಡದಲ್ಲಿ ನಿಂತಿತು. ದೋಣಿಯಲ್ಲಿ ದಾಟಿದ ಆಚೆ ದಡ ಮ್ಯಾನ್ಮಾರ್ ಎಂದು ತಿಳಿದದ್ದು, ಬಂದೂಕು ಹಿಡಿದವರು ಪಾಸ್‌ಪೋರ್ಟ್ ಕಿತ್ತುಕೊಂಡ ಮೇಲೆ. ಎತ್ತರದ ಗೋಡೆ, ಮುಳ್ಳುತಂತಿ, ಒಳಗೆ ಸಾಲುಸಾಲು ಕಂಪ್ಯೂಟರ್. ಪಕ್ಕದಲ್ಲಿದ್ದ ಹುಬ್ಬಳ್ಳಿಯ ಹುಡುಗಿ ಮೆಲ್ಲಗೆ ಹೇಳಿದಳು: “ನಿನ್ನ ಏಜೆಂಟ್ ನಿನ್ನ ಮಾರ್ಯಾನ. ನನ್ನೂ ಹಂಗ ಮಾರಿದ್ರು.”

ಅಲ್ಲಿ ಕಲಿಸಿದ್ದು ಒಂದೇ ವಿದ್ಯೆ. ಸುಳ್ಳು ಹೆಸರಿನಲ್ಲಿ ಅಪರಿಚಿತರನ್ನು ಮಾತಿಗೆಳೆದು, ಅವರು ನಂಬುವತನಕ ಕಾದು, ದೋಚುವುದು. ಒಬ್ಬ ನಿವೃತ್ತ ಮೇಷ್ಟ್ರಿಗೆ ಮನಸ್ಸು ತಡೆಯದೆ “ದುಡ್ಡು ಹಾಕಬೇಡಿ” ಎಂದು ಬರೆದೆ. ಮೇಲ್ವಿಚಾರಕ ಅದನ್ನು ಓದಿ ಹೊಡೆದ ಹೊಡೆತಕ್ಕೆ ಎಡಗಿವಿ ಇವತ್ತಿಗೂ ಮಂದ.

ಒಂಬತ್ತು ತಿಂಗಳಾದ ಮೇಲೆ ಆ ಜಾಗದ ಮೇಲೆ ಅಲ್ಲಿನ ಸೈನ್ಯದ ದಾಳಿಯಾಗಿ, ನಮ್ಮ ಸರ್ಕಾರ ನಮ್ಮನ್ನು ವಾಪಸು ಕರೆತಂದಿತು. ಮನೆಯಲ್ಲಿ ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು. ನನ್ನ ಸುದ್ದಿ ಕೇಳಲು ಹೋದಾಗ ಏಜೆಂಟ್, “ನಿಮ್ಮ ಮಗಳು ಅಲ್ಲಿ ಯಾರ ಜೊತೆಗೋ ಓಡಿಹೋಗ್ಯಾಳೆ” ಎಂದಿದ್ದನಂತೆ. ಅಂದಿನಿಂದ ಅವಳು ಬೀದಿಗೆ ಇಳಿದಿರಲಿಲ್ಲ. ಪೆಟ್ಟನ್ನು ನಾನು ಮರೆತರೂ ಮರೆತೇನು, ಆ ಮಾತನ್ನಲ್ಲ.

ಪೊಲೀಸರ ಬಳಿ ಹೋದೆ. “ನೀನೇ ಸಹಿ ಹಾಕಿ ಹೋಗೀಯಲ್ಲಮ್ಮ. ಅವನೇ ಮಾರಿದ ಅನ್ನಾಕೆ ಏನೈತೆ?” ಎಂದರು.

ಸಾಕ್ಷಿ ನಾನೇ ಹುಟ್ಟಿಸಿದೆ. ದುಬೈ ಹೋಟೆಲಿನ ಕನ್ನಡಿಗ ಮ್ಯಾನೇಜರ್ ಎಂಬ ಸುಳ್ಳು ಹೆಸರಿನಲ್ಲಿ ಅವನಿಗೆ ಸಂದೇಶ ಕಳಿಸಿದೆ, ಹುಡುಗಿಯರು ಬೇಕು ಎಂದೆ. ಎರಡು ತಿಂಗಳು, ದಿನಾ ಮಧ್ಯಾಹ್ನ ಊಟವಾದ ಮೇಲೆ ಬರೆದೆ. ಅವನ ಮಕ್ಕಳ ಓದು ವಿಚಾರಿಸಿದೆ, ಹಬ್ಬಕ್ಕೆ ಶುಭಾಶಯ ಹೇಳಿದೆ. ಅವನು ನಂಬಿದ. ಹಿಂದೆ ಕಳಿಸಿದವರ ಲೆಕ್ಕ ಹೇಳಿ ಜಂಬ ಕೊಚ್ಚುತ್ತ, ಬ್ಯಾಂಕಾಕಿನಲ್ಲಿ ಇಳಿಸಿಕೊಳ್ಳುವವರು ಯಾರು, ನದಿ ದಾಟಿಸುವವರು ಯಾರು ಎಂದು ತನ್ನ ಬಾಯಿಂದಲೇ ಧ್ವನಿ ಸಂದೇಶದಲ್ಲಿ ಹೇಳಿದ. ಕೊನೆಗೆ, ಜಗಳೂರಿನಲ್ಲಿ ಹುಡುಗಿಯರನ್ನು ಸೇರಿಸಿದ್ದೇನೆ, ಬಂದು ನೋಡಿ ಎಂದು ಕರೆದ. ಧ್ವನಿ ಕೇಳಿದ ಮೇಲೆ ಪೊಲೀಸರೂ ನನ್ನ ಜೊತೆ ಹೊರಟರು.

ಒಂದು ಕಲ್ಯಾಣಮಂಟಪದ ಕೋಣೆ. ಆರು ಜನ ಹುಡುಗಿಯರು ಅಂಕಪಟ್ಟಿ ಹಿಡಿದು ಕೂತಿದ್ದರು. ನನ್ನನ್ನು ಕಂಡು ಅವನು ಎದ್ದುನಿಂತ.

“ನೀನಾ? ಯಾವಾಗ ಬಂದೆ?”

“ಎರಡು ತಿಂಗಳಿಂದ ನಿಮ್ಮ ಜೊತೇನೇ ಮಾತಾಡ್ತಾ ಇದೀನಲ್ರಿ,” ಎಂದು ಫೋನ್ ತೋರಿಸಿದೆ.

“ತಂಗಿ, ನಾನು ಬರೀ ಕಳಿಸೋನು. ಅಲ್ಲಿ ಏನ್ಮಾಡ್ತಾರೆ ಅಂತ ನಂಗೇನು ಗೊತ್ತು?”

ಅವನದೇ ಧ್ವನಿಯನ್ನು ಹುಡುಗಿಯರೆದುರು ಹಾಕಿದೆ: “ನದಿ ದಾಟಿದ ಮ್ಯಾಲೆ ವಾಪಸ್ ಬರೋ ಮಾತೇ ಇಲ್ಲ ಸಾರ್.” ಒಬ್ಬಳು ಮೇಜಿನ ಮೇಲಿಟ್ಟಿದ್ದ ತನ್ನ ಪಾಸ್‌ಪೋರ್ಟನ್ನು ಸದ್ದಿಲ್ಲದೆ ಎತ್ತಿಕೊಂಡಳು.

ಬಾಗಿಲಲ್ಲಿದ್ದ ಪೊಲೀಸರು ಒಳಬಂದು ಅವನ ಕೈ ಹಿಡಿಯುವ ಮೊದಲು ನಾನು ಅಮ್ಮನಿಗೆ ಫೋನ್ ಹಚ್ಚಿ ಅವನ ಬಾಯಿಗೆ ಹಿಡಿದೆ. “ಹೇಳ್ರಿ, ಮಗಳು ಓಡಿಹೋಗಿರ್ಲಿಲ್ಲ, ನಾನೇ ಮಾರಿದ್ದೆ ಅಂತ.”

ಅವನು ತಡವರಿಸುತ್ತ ಹೇಳಿದ. ಅಮ್ಮ, “ಇದನ್ನ ನಮ್ಮ ಬೀದಿಯಾಗೆ ನಿಂತು ಹೇಳಾಕೆ ಬಾ,” ಎಂದಳು.

ಅವನು ಆರು ತಿಂಗಳು ಜೈಲಿನಲ್ಲಿದ್ದು ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ಮೇಲಿನವರು ಯಾರೂ ಸಿಕ್ಕಿಲ್ಲ. ರಾಜಿ ಮಾಡಿಕೊಳ್ಳಿ ಎಂದು ಎರಡು ಸಲ ಜನ ಕಳಿಸಿದ. ಅಮ್ಮ ಅವರನ್ನು ಹೊಸ್ತಿಲು ದಾಟಿಸಲಿಲ್ಲ. ಪ್ರತಿ ವಿಚಾರಣೆಗೂ ನಾನು ಕೋರ್ಟಿಗೆ ಹೋಗುತ್ತೇನೆ. ಅವನ ಕಣ್ಣಿಗೆ ಬೀಳುವ ಕಡೆಯೇ ಕೂರುತ್ತೇನೆ. ಅವನು ತಲೆ ತಗ್ಗಿಸಿದಾಗ ನನಗೆ ಸಂತೋಷವಾಗುತ್ತದೆ. ಅದಕ್ಕೆ ನನಗೆ ನಾಚಿಕೆಯಿಲ್ಲ.