ತಾಯಿತ ಕಟ್ಟಿದ ನಾಯಿಮರಿ

ಹರಪನಹಳ್ಳಿಯ ಗೆಳೆಯನ ಮನೆಯಿಂದ ನಾಯಿಮರಿಯೊಂದನ್ನು ಚೀಲದಲ್ಲಿಟ್ಟುಕೊಂಡು ಹಡಗಲಿ ಬಸ್ಸು ಹತ್ತಿದ್ದೆ. ಸೂಜಿ ಹಾಕಿಸಬೇಕೇನೋ ಎಂದು ಕೇಳಿದ್ದಕ್ಕೆ ಗೆಳೆಯನ ತಾಯಿ, "ಮನ್ಯಾಗ ರೊಟ್ಟಿ ತಿನ್ನೋ ನಾಯಿಗೆ ಹುಚ್ಚು ಹಿಡಿಯಂಗಿಲ್ಲಪ್ಪ" ಎಂದು ಅದರ ಕೊರಳಿಗೆ ತಾಯಿತ ಕಟ್ಟಿ ಕಳಿಸಿದ್ದರು. ನನಗೂ ಅಷ್ಟು ಸಾಕೆನಿಸಿತ್ತು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದವರು ಲಾರಿ ರಿಪೇರಿ ಮಾಡುವ ಒಬ್ಬ ಸಾಬರು. ಮರಿಯ ತಲೆ ಸವರಿ, "ಸೂಜಿ ಹಾಕ್ಸೀರೇನ್ರಿ?" ಎಂದರು. ನಾನು ತಾಯಿತ ತೋರಿಸಿದೆ. ಅವರು ನಗಲಿಲ್ಲ. ತುಂಬಿದ ಬಸ್ಸಿನಲ್ಲೇ ಅಂಗಿ ಎತ್ತಿ ಹೊಟ್ಟೆ ತೋರಿಸಿದರು.

"ನಮ್ಮ ನಾಯಿ ಕೊರಳಾಗೂ ತಾಯಿತ ಇತ್ರಿ. ಹುಚ್ಚು ಹಿಡಿದು ನನ್ನ ಕಡೀತು. ಹೊಕ್ಕಳ ಸುತ್ತ ಹದಿನಾಕು ಸೂಜಿ ತಗೊಂಡೀನಿ. ನಾಯಿಗೆ ಮೊದ್ಲ ಒಂದು ಹಾಕ್ಸಿದ್ರ ಮುಗೀತಿತ್ತು."

ಮುಂದಿನ ಸೀಟಿನ ಹೆಂಗಸರು ಕಿಟಕಿಯತ್ತ ತಿರುಗಿದರು. ನನಗೆ ಮಾತ್ರ ಆ ಹೊಟ್ಟೆಯಿಂದ ಕಣ್ಣು ಕೀಳಲಾಗಲಿಲ್ಲ.

ಹಡಗಲಿಯಲ್ಲಿ ಇಳಿದವನು ನೆಟ್ಟಗೆ ದನದ ದವಾಖಾನೆಗೆ ಹೋದೆ. ಮೂರು ತಿಂಗಳು ತುಂಬಲಿ ಎಂದರು ಡಾಕ್ಟರು. ತುಂಬಿದ ದಿನವೇ ಹಾಕಿಸಿದೆ.

ಮರುವರ್ಷ ಅದು ಆಟವಾಡುತ್ತ ನನ್ನ ಕೈ ಕಚ್ಚಿತು. ನಾನು ಮೊದಲು ಮುಟ್ಟಿ ನೋಡಿಕೊಂಡಿದ್ದು ಹೊಟ್ಟೆಯನ್ನು. ಹೆಸರೂ ಕೇಳಿರದ ಆ ಸಾಬರಿಗೆ ನಿಂತಲ್ಲೇ ಕೈಮುಗಿದೆ.

ನನಗೇನೂ ಆಗಲಿಲ್ಲವೆಂದು ತಿಳಿದ ಗೆಳೆಯನ ತಾಯಿ, "ನೋಡಿದೇನಪ್ಪ, ತಾಯಿತ ಕಾಯ್ತು" ಎಂದರು. ಹೌದಮ್ಮ ಎಂದೆ.